ಸಂಬಳದ ಹೊತ್ತು, ಸ್ವಂತದ ಹೊತ್ತು: ಮುದ್ದಣನ ಗುಪ್ತವೃತ್ತಿಯನ್ನು ಕುರಿತು ಒಂದು ವಿಚಾರ

೧

ಒಬ್ಬ ಯಜಮಾನನ ಕೈಕೆಳಗೆ ಸಂಬಳಕ್ಕೆ ದುಡಿಯುವವನು ಆ ಯಜಮಾನನ ಕಣ್ಣಿಗೆ ಬೀಳದಂತೆ ಇನ್ನೊಂದು ಕಸುಬನ್ನು ನಡೆಸಿಕೊಂಡು ಬರುವುದು ಲೋಕದಲ್ಲಿ ಅಪರೂಪದ ಸಂಗತಿಯಲ್ಲ. ನೀತಿಯನ್ನು ಹೇಳುವವರು ಇದನ್ನು ದ್ರೋಹವೆನ್ನುತ್ತಾರೆ. ದುಡಿಯುವವರು ಇದನ್ನು ಅನಿವಾರ್ಯವೆನ್ನುತ್ತಾರೆ. ಇತಿಹಾಸದ ಅಭ್ಯಾಸಿಗಳಾದ ನಮಗೆ ಈ ಎರಡು ಮಾತುಗಳಲ್ಲಿ ಯಾವುದು ಸರಿಯೆಂಬುದಕ್ಕಿಂತ ಮೊದಲು ಬೇರೊಂದು ಪ್ರಶ್ನೆ ಎದುರಾಗುತ್ತದೆ: ಮನುಷ್ಯನು ತನ್ನ ಎರಡನೆಯ ಕಸುಬನ್ನು ಮರೆಮಾಡಬೇಕಾದ ಪ್ರಸಂಗ ಯಾವಾಗ, ಏಕೆ ಹುಟ್ಟಿತು? ಮರೆಮಾಡಿದವರೆಲ್ಲರೂ ಒಂದೇ ಕಾರಣಕ್ಕಾಗಿ ಮರೆಮಾಡಿದರೆ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ಕರಾವಳಿಯಲ್ಲಿಯೇ ಒಂದು ಪ್ರಸಿದ್ಧವಾದ ನಿದರ್ಶನ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮವನ್ನು ಕಲಿಸುತ್ತಿದ್ದ ಉಪಾಧ್ಯಾಯರೊಬ್ಬರು ಅದೇ ವರ್ಷಗಳಲ್ಲಿ ಹಳಗನ್ನಡದಲ್ಲಿ ಗ್ರಂಥಗಳನ್ನು ಬರೆದು, ಅವು ತಮ್ಮವೆಂದು ಹೇಳಿಕೊಳ್ಳದೆ ಮೈಸೂರಿಗೆ ಕಳುಹಿಸುತ್ತಿದ್ದರು. ನಂದಳಿಕೆಯ ಲಕ್ಷ್ಮೀನಾರಣಪ್ಪನವರೆಂಬುದು ಆ ಉಪಾಧ್ಯಾಯರ ಹೆಸರು. ಕವಿಯ ಹೆಸರು ಮುದ್ದಣ. ಮುದ್ದಣನ ಶೈಲಿಯನ್ನೂ ಹಾಸ್ಯವನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅದನ್ನು ಮತ್ತೆ ಹೇಳುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆತನ ಹೆಸರು ಮರೆಸಿಕೊಳ್ಳುವ ಹಟವನ್ನು ಉದ್ಯೋಗದ ಇತಿಹಾಸದಲ್ಲಿ ಇಟ್ಟು ನೋಡುವುದೇ ಇಲ್ಲಿ ನಾವು ಕೈಗೊಂಡಿರುವ ಕೆಲಸ.

೨

ಮೊದಲು ನಮ್ಮ ನಾಡಿನ ಹಳೆಯ ಜೀವನಕ್ರಮವನ್ನು ಸ್ವಲ್ಪ ನೆನೆಯಬೇಕು. ತುಳುನಾಡಿನಲ್ಲಿ ಒಬ್ಬನಿಗೆ ಒಂದೇ ಕಸುಬೆಂಬ ಕಟ್ಟುಪಾಡು ಪೂರ್ತಿಯಾಗಿ ಎಂದೂ ಇರಲಿಲ್ಲ. ಮಳೆಯೂ ಕಡಲೂ ಇಲ್ಲಿಯ ವರ್ಷವನ್ನು ಭಾಗಮಾಡಿಕೊಟ್ಟಿದ್ದುವು. ಏಣೆಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳ ನಡುವೆ ಬಿಡುವಿನ ದಿನಗಳು ಬರುತ್ತಿದ್ದುವು. ಮಳೆಗಾಲದಲ್ಲಿ ಕಡಲು ಕೆರಳಿದಾಗ ದೋಣಿಗಳು ದಡವೇರುತ್ತಿದ್ದುವು. ದೇವಸ್ಥಾನದ ಚಾಕರಿಯವರು ಉತ್ಸವದ ಕಾಲದಲ್ಲಿ ದೇವರ ಸೇವೆಯನ್ನೂ ಉಳಿದ ಕಾಲದಲ್ಲಿ ಉಂಬಳಿಯ ಗದ್ದೆಯ ಸಾಗುವಳಿಯನ್ನೂ ನೋಡಿಕೊಳ್ಳುತ್ತಿದ್ದರು. ಉಡುಪಿಯ ರಥಬೀದಿಯ ಮಠಗಳಿಂದ ಅಂಬಲಪಾಡಿಯ ಜನಾರ್ದನ ಮಹಾಕಾಳಿಯ ಸನ್ನಿಧಿಯವರೆಗೆ ಎಲ್ಲಿ ನೋಡಿದರೂ ದೇವಾಲಯವನ್ನು ನಂಬಿದ ಬದುಕೆಂದರೆ ದೇವಾಲಯವೊಂದನ್ನೇ ನಂಬಿದ ಬದುಕೆಂದು ಅರ್ಥವಲ್ಲ.

ಯಕ್ಷಗಾನದ ಕಲಾವಿದರ ಬಾಳು ಇದಕ್ಕೆ ಎಲ್ಲರೂ ಕಂಡಿರುವ ದೃಷ್ಟಾಂತ. ದೀಪಾವಳಿಯ ಬಳಿಕ ಮೇಳವು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ ಬೇಸಗೆಯ ಕೊನೆಗೆ, ಪತ್ತನಾಜೆಯ ಹೊತ್ತಿಗೆ, ಗೆಜ್ಜೆ ಬಿಚ್ಚುವುದು ವಾಡಿಕೆ. ಆರೇಳು ತಿಂಗಳು ರಾತ್ರಿಯೆಲ್ಲ ಕರ್ಣಾರ್ಜುನರಾಗಿ ಕುಣಿದವರು ಮಳೆ ಬಿದ್ದೊಡನೆ ಗದ್ದೆಯ ಕೆಸರಿಗಿಳಿಯುತ್ತಿದ್ದರು. ಇದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇರಲಿಲ್ಲ. ಗೇಣಿ ತೆಗೆದುಕೊಳ್ಳುವ ಧನಿಗೆ ತನ್ನ ಒಕ್ಕಲು ಮೇಳದಲ್ಲಿ ವೇಷ ಹಾಕುವನೆಂಬುದು ಗೊತ್ತಿತ್ತು. ಬಹುಶಃ ಆ ಧನಿಯೇ ಮೇಳವನ್ನು ಆಟಕ್ಕೆ ಕರೆಯಿಸಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದನು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಧನಿಯು ಗೇಣಿಯ ಅಕ್ಕಿಯನ್ನು ಕೇಳುತ್ತಿದ್ದನು. ಬಿಟ್ಟಿಯ ಕೆಲಸವನ್ನೂ ಮಾಡಿಸಿಕೊಳ್ಳುತ್ತಿದ್ದನು. ಅವನ ದಬ್ಬಾಳಿಕೆ ಕಡಮೆಯದಾಗಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಒಕ್ಕಲಿನ ಗಂಟೆಗಳನ್ನು ಲೆಕ್ಕ ಹಾಕಿ, ಅವೆಲ್ಲವೂ ತನಗೇ ಸಲ್ಲತಕ್ಕವೆಂಬ ಕಾಗದವನ್ನು ಅವನು ಬರೆಯಿಸಿಕೊಂಡಿರಲಿಲ್ಲ. ಆದಕಾರಣ ಎರಡನೆಯ ಕಸುಬು ಕಳ್ಳತನವಾಗಲು ಅವಕಾಶವಿರಲಿಲ್ಲ. ತಿಂಗಳ ಸಂಬಳವೂ ಗಂಟೆಯ ಕಟ್ಟೂ ಹಾಜರಿ ಪುಸ್ತಕವೂ ಬಂದ ಮೇಲೆಯೇ ಆ ಭಾವನೆ ಬೇರೂರಿತು.

೩

ಸಂಬಳದ ನೌಕರಿಯ ಈ ಹೊಸ ಪದ್ಧತಿಯು ಹಿಂದೂದೇಶದಲ್ಲಿ ಬೆಳೆದದ್ದು ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಗಳಲ್ಲಿ. ಗುಪ್ತವಾದ ಎರಡನೆಯ ಕಸುಬಿನ ವಿಷಯದಲ್ಲಿಯೂ ಕಂಪೆನಿಯೇ ದೊಡ್ಡ ಪಾಠಶಾಲೆಯಾಯಿತೆಂಬುದು ವಿಚಿತ್ರವಾದರೂ ಸತ್ಯ.

ಕಂಪೆನಿಯ ನೌಕರಿಗೆ ಹೊಸದಾಗಿ ಸೇರಿದ ‘ರೈಟರ್’ ಅಥವಾ ಗುಮಾಸ್ತನಿಗೆ ವರ್ಷಕ್ಕೆ ದೊರೆಯುತ್ತಿದ್ದ ಸಂಬಳ ಕೇವಲ ೫ ಪೌಂಡುಗಳು. ಆರು ತಿಂಗಳು ಕಡಲಿನಲ್ಲಿ ಪ್ರಯಾಣಮಾಡಿ, ಜ್ವರಕ್ಕೂ ಬೇಧಿಗೂ ಮೈಯೊಡ್ಡಿ ಬರುವ ತರುಣನು ಇಷ್ಟು ಹಣಕ್ಕಾಗಿ ಬರುತ್ತಿರಲಿಲ್ಲ. ಯೂರೋಪಿನೊಡನೆ ನಡೆಯುವ ವ್ಯಾಪಾರವನ್ನು ಕಂಪೆನಿ ತನಗೇ ಮೀಸಲಿಟ್ಟುಕೊಂಡು, ಏಷ್ಯದ ಬಂದರು ಬಂದರುಗಳ ನಡುವಣ ವ್ಯಾಪಾರವನ್ನು ನೌಕರರು ತಮ್ಮ ಲಾಭಕ್ಕಾಗಿ ನಡೆಸಿಕೊಳ್ಳಬಹುದೆಂದು ಬಿಟ್ಟಿತ್ತು. ಎಂದರೆ ಕಡಮೆ ಸಂಬಳಕ್ಕೆ ಎರಡನೆಯ ಕಸುಬೇ ಪರಿಹಾರವೆಂದು ಯಜಮಾನನೇ ಒಪ್ಪಿದಂತಾಗಿತ್ತು.

ಈ ಒಪ್ಪಿಗೆ ಬಹುಬೇಗನೆ ಗೆರೆ ದಾಟಿತು. ಕಂಪೆನಿಯ ಸರಕಿಗೆ ಸುಂಕದ ವಿನಾಯಿತಿಯನ್ನು ಕೊಡುವ ೧೭೧೭ರ ಮೊಗಲ್ ಫರ್ಮಾನನ್ನು ನೌಕರರು ಬಂಗಾಳದಲ್ಲಿ ತಮ್ಮ ಸ್ವಂತ ಸರಕಿಗೂ ಬಳಸಿದರು. ಉಪ್ಪು, ಅಡಕೆ, ಹೊಗೆಸೊಪ್ಪುಗಳ ಒಳನಾಡಿನ ವ್ಯಾಪಾರಕ್ಕೆ ಕೈಹಾಕಿದರು. ತಮ್ಮ ಹೆಸರು ಹೊರಗೆ ಬರಬಾರದ ಕಡೆ ಬನಿಯಾಗಳ, ದುಬಾಷಿಗಳ ಹೆಸರಿನಲ್ಲಿ ವ್ಯವಹಾರ ನಡೆಸಿದರು. ಸುಂಕ ಕೊಡುವ ದೇಶೀಯ ವರ್ತಕನು ಸುಂಕ ಕೊಡದ ಬಿಳಿಯ ವರ್ತಕನ ಎದುರು ನಿಲ್ಲಲಾರದೆ ಹಾಳಾದನು. ನವಾಬ ಮೀರ್ ಕಾಸಿಮನು ಬೇಸತ್ತು ೧೭೬೩ರಲ್ಲಿ ಎಲ್ಲರಿಗೂ ಸುಂಕವನ್ನೇ ತೆಗೆದುಹಾಕಿದನು, ಯುದ್ಧ ಅನಿವಾರ್ಯವಾಯಿತು.

ಪಾರ್ಲಿಮೆಂಟು ೧೭೭೩ರ ರೆಗ್ಯುಲೇಟಿಂಗ್ ಆಕ್ಟಿನ ಮೂಲಕ ಗವರ್ನರ್ ಜನರಲ್, ಅವನ ಸಭೆಯ ಸದಸ್ಯರು ಮತ್ತು ನ್ಯಾಯಾಧೀಶರು ಸ್ವಂತ ವ್ಯಾಪಾರ ಮಾಡಕೂಡದೆಂದು ವಿಧಿಸಿತು. ಬರಿಯ ನಿಷೇಧದಿಂದ ಕೆಲಸ ಸಾಗದೆಂಬುದನ್ನು ಕಾರ್ನ್‌ವಾಲಿಸನು ಕಂಡುಕೊಂಡನು. ಅವನು ಕಲೆಕ್ಟರನ ಸಂಬಳವನ್ನು ತಿಂಗಳಿಗೆ ೧,೫೦೦ ರೂಪಾಯಿಗೆ ಏರಿಸಿ, ವಸೂಲಿಯ ಮೇಲೆ ಅಂಶವನ್ನೂ ಗೊತ್ತುಮಾಡಿ, ಅದಕ್ಕೆ ಪ್ರತಿಯಾಗಿ ವ್ಯಾಪಾರವನ್ನು ಬಿಡಿಸಿದನು. ಟಿಪ್ಪುವಿನ ಪತನಾನಂತರ ೧೭೯೯ರಲ್ಲಿ ಕನ್ನಡ ಜಿಲ್ಲೆಗೆ ಮೊದಲನೆಯ ಕಲೆಕ್ಟರನಾಗಿ ಥಾಮಸ್ ಮನ್ರೋ ಬಂದಾಗ ಈ ಹೊಸ ವ್ಯವಸ್ಥೆ ನೆಲೆಗೊಂಡಿತ್ತು. ಕರಾವಳಿಯ ಜನ ಕಂಡ ಕಂಪೆನಿಯ ಅಧಿಕಾರಿಯು ಸಂಬಳವನ್ನೇ ನಂಬಿದ ಅಧಿಕಾರಿ. ಬಂಗಾಳದ ಜನ ಕಂಡವನು ಬೇರೆ.

ಕಂಪೆನಿಯ ಈ ಪ್ರಕರಣದಿಂದ ನಮ್ಮ ವಿಷಯಕ್ಕೆ ಬೇಕಾದ ಎರಡು ಅಂಶಗಳನ್ನು ಎತ್ತಿಟ್ಟುಕೊಳ್ಳಬಹುದು. ಮೊದಲನೆಯದು, ಮುಚ್ಚುಮರೆಯ ವ್ಯಾಪಾರದಲ್ಲಿ ನೌಕರನು ಬಳಸಿದ ಬಂಡವಾಳ ಆತನ ಸ್ವಂತದ್ದಲ್ಲ. ಅದು ಯಜಮಾನನ ಅಧಿಕಾರ, ಯಜಮಾನನ ಮುದ್ರೆ. ಎರಡನೆಯದು, ಸಂಬಳವು ಬದುಕಿಗೆ ಸಾಲದಿರುವಾಗ ನಿಷ್ಠೆಯನ್ನು ಕಟ್ಟಳೆಯಿಂದ ಮಾತ್ರ ಪಡೆಯಲಾಗದು.

೪

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಲಕ್ಷ್ಮೀನಾರಣಪ್ಪನವರು ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ ೧೮೭೦ರ ಜನವರಿ ೨೪ರಂದು ಜನಿಸಿದರು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮನೆಯಲ್ಲಿ ಮುದ್ದಿನಿಂದ ಕರೆದ ಹೆಸರೇ ಮುದ್ದಣ. ಬಡತನದ ಮನೆ, ಉಡುಪಿಯಲ್ಲಿ ಕೈಕೊಂಡ ಇಂಗ್ಲಿಷು ವಿದ್ಯಾಭ್ಯಾಸ ಪೂರ್ತಿಯಾಗಲಿಲ್ಲ. ಬೇಗನೆ ಸಂಪಾದನೆಗೆ ದಾರಿಮಾಡಿಕೊಡುವ ಶಿಕ್ಷಣವೆಂದು ಮದರಾಸಿಗೆ ಹೋಗಿ ವ್ಯಾಯಾಮದಲ್ಲಿ ತರಬೇತು ಪಡೆದು ಬಂದರು. ಉಡುಪಿಯಲ್ಲಿಯೂ ಕೆಲಕಾಲ ಕುಂದಾಪುರದಲ್ಲಿಯೂ ವ್ಯಾಯಾಮದ ಉಪಾಧ್ಯಾಯರಾಗಿ ಕೆಲಸಮಾಡಿದರು. ಕ್ಷಯರೋಗದಿಂದ ೧೯೦೧ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ವಯಸ್ಸು ೩೧. ಪರರ ಮಕ್ಕಳ ಮೈ ಗಟ್ಟಿಮಾಡುವುದಕ್ಕೆ ನೇಮಕವಾದವನ ಮೈಯನ್ನು ರೋಗ ಹೀಗೆ ತಿಂದಿತು.

ಇಷ್ಟು ಸಣ್ಣ ಅವಧಿಯಲ್ಲಿ ಕವಿ ಮುದ್ದಣನು ಮಾಡಿದ ಕೆಲಸದ ಪಟ್ಟಿ ದೊಡ್ಡದು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳು. ಗದ್ಯದಲ್ಲಿ ‘ಅದ್ಭುತ ರಾಮಾಯಣ’. ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮ ಪಟ್ಟಾಭಿಷೇಕ’. ಕೊನೆಗೆ, ಆತನ ಕೀರ್ತಿಗೆ ಮುಖ್ಯ ಕಾರಣವಾದ ಗದ್ಯಕೃತಿ ‘ಶ್ರೀರಾಮಾಶ್ವಮೇಧ’. ಕಡೆಯ ಮೂರು ಕೃತಿಗಳು ೧೮೯೫ರಿಂದ ೧೯೦೧ರವರೆಗಿನ ಅವಧಿಯಲ್ಲಿ ಮೈಸೂರಿನಲ್ಲಿ ಬೆಳಕು ಕಂಡುವು. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಆಗ ಕಾವ್ಯಮಂಜರಿ, ಕಾವ್ಯಕಲಾನಿಧಿಗಳ ಮೂಲಕ ಹಳೆಯ ಓಲೆಗರಿಗಳಲ್ಲಿ ಮಲಗಿದ್ದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತರುತ್ತಿದ್ದರು. ಅಂತಹ ಪ್ರಾಚೀನ ಕಾವ್ಯಗಳ ಸಾಲಿನಲ್ಲಿಯೇ ಉಡುಪಿಯ ಉಪಾಧ್ಯಾಯರು ತಮ್ಮ ಬರೆಹಗಳನ್ನೂ ಕೂರಿಸಿದರು.

ಹೆಸರು ಮರೆಸುವುದರಲ್ಲಿ ಅವರು ತೋರಿದ ಎಚ್ಚರಿಕೆಯನ್ನು ಗಮನಿಸಬೇಕು. ‘ಶ್ರೀರಾಮ ಪಟ್ಟಾಭಿಷೇಕ’ವು ಮಹಾಲಕ್ಷ್ಮಿಯೆಂಬ ಹೆಸರಿನಲ್ಲಿ ಹೊರಬಂತು, ಅದು ತಾಯಿಯ ಹೆಸರು. ‘ರಾಮಾಶ್ವಮೇಧ’ದ ಕರ್ತೃವಾಗಿ ನಿಂತವನು ಮುದ್ದಣ, ಅದು ಮನೆಯೊಳಗಿನ ಹೆಸರು. ಚಕ್ರಧಾರಿಯೆಂಬುದು ಇನ್ನೊಂದು ಅಂಕಿತ. ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. ಮಳಲಿ ಸುಬ್ಬರಾಯರಂತಹ ಆಪ್ತಮಿತ್ರರ ಸಣ್ಣ ಬಳಗವನ್ನು ಬಿಟ್ಟರೆ ಈ ಗುಟ್ಟು ಊರಿನವರಿಗೆ ತಿಳಿದಿರಲಿಲ್ಲ. ಕವಿ ಯಾರೆಂಬುದು ಕನ್ನಡ ಲೋಕಕ್ಕೆ ನಿಶ್ಚಯವಾದದ್ದು ಆತನು ಕಣ್ಮರೆಯಾದ ಮೇಲೆ.

೫

ಹೀಗೆ ಮರೆಮಾಡಿದುದಕ್ಕೆ ಕಾರಣವೇನು? ಕೆಲವರು ಇದನ್ನು ಕವಿಯ ವಿನಯವೆಂದು ಕೊಂಡಾಡುತ್ತಾರೆ. ವಿನಯವು ಹೆಸರನ್ನು ಬಿಟ್ಟುಬಿಡಬಹುದು. ಮೂರು ಸುಳ್ಳು ಹೆಸರುಗಳನ್ನು ಕಟ್ಟುವಷ್ಟು ಶ್ರಮವನ್ನು ತೆಗೆದುಕೊಳ್ಳುವುದು ಕಷ್ಟ. ಬೇರೆ ಕಾರಣಗಳನ್ನು ಹುಡುಕುವುದು ಯುಕ್ತ.

ಮೊದಲನೆಯದು ಉದ್ಯೋಗದ ಅಂತಸ್ತು. ಆ ಕಾಲದ ಶಾಲೆಯಲ್ಲಿ ಇಂಗ್ಲಿಷು ಕಲಿಸುವವರಿಗೆ ಇದ್ದ ಗೌರವ ಕನ್ನಡ ಪಂಡಿತರಿಗೆ ಇರಲಿಲ್ಲ. ಕನ್ನಡ ಪಂಡಿತರಿಗೆ ಇದ್ದದ್ದು ಕವಾಯಿತಿನ ಮೇಷ್ಟರಿಗೆ ಇರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವವನು ಪಂಪ ರನ್ನರ ಭಾಷೆಯಲ್ಲಿ ಗ್ರಂಥ ಬರೆದಿದ್ದಾನೆಂದರೆ ಓದುವುದಕ್ಕೆ ಮೊದಲೇ ನಗುವವರಿದ್ದರು. ಪುಸ್ತಕದ ಬೆಲೆಯನ್ನು ಬರೆದವನ ಉದ್ಯೋಗದಿಂದ ಕಟ್ಟುವ ಸಮಾಜದಲ್ಲಿ, ಪುಸ್ತಕಕ್ಕೆ ನ್ಯಾಯ ದೊರಕಬೇಕಾದರೆ ಉದ್ಯೋಗವನ್ನು ಬಚ್ಚಿಡಬೇಕು. ಕಂಪೆನಿಯ ನೌಕರನು ತನ್ನ ವ್ಯಾಪಾರವನ್ನು ಯಜಮಾನನಿಂದ ಬಚ್ಚಿಟ್ಟನು. ಲಕ್ಷ್ಮೀನಾರಣಪ್ಪನವರು ಬಚ್ಚಿಟ್ಟುದು ಒಂದನ್ನಲ್ಲ, ಎರಡನ್ನು. ಉಡುಪಿಯವರಿಂದ ಕವಿಯನ್ನು ಮರೆಸಿದರು. ಮೈಸೂರಿನವರಿಂದ ವ್ಯಾಯಾಮದ ಉಪಾಧ್ಯಾಯನನ್ನು ಮರೆಸಿದರು. ಈ ಎರಡನೆಯ ಮರೆಯೇ ಹೆಚ್ಚು ಮುಖ್ಯವಾದದ್ದೆಂದು ನಮಗೆ ತೋರುತ್ತದೆ.

ಎರಡನೆಯದು ಆ ಕಾಲದ ಸಾಹಿತ್ಯದ ಅಭಿರುಚಿ. ವಿದ್ವಾಂಸರ ಲಕ್ಷ್ಯವೆಲ್ಲ ಹಳೆಯ ಕಾವ್ಯಗಳ ಉದ್ಧಾರದ ಕಡೆಗೆ ಇತ್ತು. ಹಳೆಯದಾದರೆ ಅಚ್ಚಿಗೆ ಯೋಗ್ಯ, ಹೊಸದಾದರೆ ಪರೀಕ್ಷೆಗೆ ಪಾತ್ರ, ಎಂಬ ಭಾವನೆ ಬಲವಾಗಿತ್ತು. ಹಳಗನ್ನಡದಲ್ಲಿ ಬರೆದು ಹಳೆಯ ಕವಿಯ ವೇಷದಲ್ಲಿ ಹೊರಟರೆ ಬಾಗಿಲು ತೆರೆಯುವುದೆಂಬುದನ್ನು ಯಕ್ಷಗಾನದ ವಾತಾವರಣದಲ್ಲಿ ಬೆಳೆದ ಕವಿ ಬಲ್ಲವನಾಗಿದ್ದನು. ವೇಷ ಹಾಕಿದವನನ್ನು ವೇಷದ ಹೆಸರಿನಿಂದಲೇ ಕರೆಯುವುದು ನಮ್ಮ ಬಯಲಾಟದ ಧರ್ಮವಷ್ಟೆ.

ಮೂರನೆಯದನ್ನು ‘ರಾಮಾಶ್ವಮೇಧ’ವೇ ಸೂಚಿಸುತ್ತದೆ. ಅದರ ಕಥೆಗೆ ಚೌಕಟ್ಟಾಗಿ ಮುದ್ದಣ ಮನೋರಮೆಯರ ಸಲ್ಲಾಪ ಉಂಟು. ಮಳೆಗಾಲದ ದಿನ, ಬೇಸರದಿಂದ ಕುಳಿತ ಮಡದಿ, ಹೊರಗಿನಿಂದ ದಣಿದು ಬರುವ ಗಂಡ. ಆದರೆ ಆ ಗಂಡನು ಬರುವುದು ಶಾಲೆಯ ಬಯಲಿನಿಂದಲ್ಲ, ಅರಮನೆಯಿಂದ. ಕವಿಯು ತನ್ನ ಮನೆಯನ್ನೂ ಮಡದಿಯನ್ನೂ ಮಳೆಯನ್ನೂ ಇದ್ದಂತೆಯೇ ಕಾವ್ಯದೊಳಕ್ಕೆ ತಂದುಕೊಂಡು, ಉದ್ಯೋಗವೊಂದನ್ನು ಮಾತ್ರ ಬದಲಿಸಿದ್ದಾನೆ. ಹಳೆಯ ಕವಿಗೆ ಯಜಮಾನನೆಂದರೆ ಅರಸು; ಅರಸನು ಸಂಬಳ ಕೊಟ್ಟದ್ದು ಕಾವ್ಯಕ್ಕಾಗಿಯೇ. ಅಲ್ಲಿ ಹೊಟ್ಟೆಯ ಕೆಲಸ ಒಂದು, ಮನಸ್ಸಿನ ಕೆಲಸ ಇನ್ನೊಂದು ಎಂಬ ಭೇದವಿರಲಿಲ್ಲ. ೧೮೯೯ರ ಉಡುಪಿಯಲ್ಲಿ ಆ ಅರಸು ಇಲ್ಲ. ಇಲ್ಲದ ಅರಮನೆಯನ್ನು ಕವಿ ತಾನೇ ಕಲ್ಪಿಸಿಕೊಂಡು, ಅಲ್ಲಿಂದ ಸಂಜೆ ಮನೆಗೆ ಹಿಂದಿರುಗುತ್ತಾನೆ. ಸಲ್ಲಾಪದ ಹಾಸ್ಯವನ್ನು ಮೆಚ್ಚುವವರು ಅದರ ಕೆಳಗೆ ಹರಿಯುವ ಈ ಕೊರತೆಯನ್ನೂ ಕಾಣಬೇಕು. ಕಥೆಯನ್ನು ಪದ್ಯದಲ್ಲಿ ಬೇಡ, ಗದ್ಯದಲ್ಲಿ ಹೇಳೆಂದು ಮನೋರಮೆ ಹಟ ಹಿಡಿಯುವುದೂ, ಹಳಗನ್ನಡದ ಬಿಗಿಯನ್ನು ನಡುನಡುವೆ ಸಡಿಲಿಸೆಂದು ಕಾಡುವುದೂ ಅರಮನೆಯ ಕೇಳುಗರಿಗೆ ಸಲ್ಲುವ ಬೇಡಿಕೆಗಳಲ್ಲ. ಮನೆಯ ಕೇಳುಗಳ ಬೇಡಿಕೆಗಳು. ಗುಪ್ತವೃತ್ತಿಗೆ ಇದ್ದ ಮೊದಲ ಓದುಗರು ಮನೆಯವರೇ ಎಂಬುದಕ್ಕೆ ಈ ಕೃತಿಗಿಂತ ಬೇರೆ ಸಾಕ್ಷ್ಯ ಬೇಡ.

ಈ ಗುಟ್ಟಿಗೆ ಕವಿ ತೆತ್ತ ಬೆಲೆಯನ್ನೂ ಹೇಳಬೇಕು. ಹೆಸರಿಲ್ಲದವನಿಗೆ ಕೀರ್ತಿ ಸಲ್ಲದೆಂಬುದು ಒಂದು. ಅದಕ್ಕಿಂತ ದೊಡ್ಡದು, ಹೆಸರಿಲ್ಲದವನಿಗೆ ಸಹಾಯವೂ ಸಲ್ಲದೆಂಬುದು. ‘ರಾಮಾಶ್ವಮೇಧ’ವು ಪ್ರಕಟವಾಗಿ ಮುಗಿಯುವ ಕಾಲಕ್ಕೆ ಕರ್ತೃವಿನ ಆಯುಸ್ಸೂ ಮುಗಿಯಿತು. ಕವಿ ಬಹುಕಾಲದ ಹಿಂದಿನವನೆಂದು ತಿಳಿದ ಓದುಗರಿಗೆ, ಆತನು ಉಡುಪಿಯಲ್ಲಿ ಕೆಮ್ಮುತ್ತ ಮಲಗಿರಬಹುದೆಂದು ಊಹಿಸುವ ಕಾರಣವೇ ಇರಲಿಲ್ಲ. ಆತನ ಕೈಬರಹದಲ್ಲಿದ್ದ ಬೇರೆ ಕೆಲವು ಬರೆಹಗಳು, ‘ಗೋದಾವರಿ’ಯೆಂಬ ಕಾದಂಬರಿಯೂ ಸೇರಿ, ನಮಗೆ ಉಳಿದು ಬರಲಿಲ್ಲ.

೬

ಹೆಸರು ಮರೆಸಿ ಬರೆದ ನೌಕರರು ಬೇರೆಡೆಯಲ್ಲಿಯೂ ಇದ್ದಾರೆ. ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ನಿನ ಕಚೇರಿಯಲ್ಲಿಯೇ ೧೭೯೨ರಿಂದ ೧೮೨೫ರವರೆಗೆ ಲೆಕ್ಕದ ಗುಮಾಸ್ತನಾಗಿದ್ದ ಚಾರ್ಲ್ಸ್ ಲ್ಯಾಂಬನು ೧೮೨೦ರಿಂದ ‘ಈಲಿಯ’ ಎಂಬ ಹೆಸರಿನಲ್ಲಿ ಪ್ರಬಂಧಗಳನ್ನು ಬರೆದನು. ಆ ಹೆಸರನ್ನು ಅವನು ತಾನು ಹಿಂದೆ ಕೆಲವು ತಿಂಗಳು ಕೆಲಸಮಾಡಿದ ಇನ್ನೊಂದು ಕಚೇರಿಯ ಗುಮಾಸ್ತನಿಂದ ಎರವಲು ತಂದಿದ್ದನು. ಹಿಂದಿನ ಶತಮಾನದಲ್ಲಿ ಅದೇ ಕಂಪೆನಿಯ ಗುಮಾಸ್ತರು ಬನಿಯಾಗಳ ಹೆಸರಿನಲ್ಲಿ ಉಪ್ಪು ಮಾರಿದ್ದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ, ಎರವಲು ಹೆಸರೊಂದೇ ಪಾಪಕ್ಕೆ ಗುರುತಲ್ಲವೆಂಬುದು ತಿಳಿಯುತ್ತದೆ. ಲ್ಯಾಂಬನ ಮರೆ ತೆಳುವಾದದ್ದು. ಸ್ನೇಹಿತರು ಅದರೊಳಗಿಂದ ಅವನ ಮುಖವನ್ನು ಕಾಣುತ್ತಿದ್ದರು.

ಕನ್ನಡದಲ್ಲಿ ಮುದ್ದಣನ ಬಳಿಕ ಬಂದವರ ಅಂಕಿತಗಳೂ ಇಂತಹ ತೆಳುಪರದೆಗಳೇ. ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು (೧೮೭೪–೧೯೩೭) ‘ಕವಿಶಿಷ್ಯ’ರಾದರು, ಮೈಸೂರು ಸಂಸ್ಥಾನದ ನೌಕರಿಯಲ್ಲಿ ೧೯೧೪ರಿಂದ ೧೯೪೩ರವರೆಗೆ ಇದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ರಾದರು. ಮಾಸ್ತಿಯವರು ಅಧಿಕಾರಿಯೆಂಬುದೂ ಶ್ರೀನಿವಾಸರು ಕತೆಗಾರರೆಂಬುದೂ ಇಬ್ಬರೂ ಒಬ್ಬರೇ ಎಂಬುದೂ ಓದುಗರಿಗೆ ತಿಳಿದೇ ಇತ್ತು. ನಮ್ಮ ಜಿಲ್ಲೆಯವರೇ ಆದ ಗುಲ್ವಾಡಿ ವೆಂಕಟರಾಯರು ಪೋಲೀಸು ಇಲಾಖೆಯಲ್ಲಿದ್ದವರು. ‘ಇಂದಿರಾಬಾಯಿ’ಯನ್ನು ೧೮೯೯ರಲ್ಲಿ, ಎಂದರೆ ‘ರಾಮಾಶ್ವಮೇಧ’ದ ಕಾಲದಲ್ಲಿಯೇ, ಮಂಗಳೂರಿನಲ್ಲಿ ಪ್ರಕಟಿಸಿದರು. ಅಧಿಕಾರವಿದ್ದವರ ಎರಡನೆಯ ವೃತ್ತಿ ಅವರಿಗೆ ಅಲಂಕಾರವಾಯಿತು. ಸಣ್ಣ ಸಂಬಳದ ವ್ಯಾಯಾಮದ ಉಪಾಧ್ಯಾಯರಿಗೆ ಅದೇ ವೃತ್ತಿ ಗುಟ್ಟಾಯಿತು. ಈ ಅಂತರವು ವಿನಯದ ಅಂತರವಲ್ಲ, ಸ್ಥಾನದ ಅಂತರ.

೭

ಸಂಬಳ ಕೊಡುವವನಿಗೆ ನೌಕರನ ಹೊತ್ತಿನ ಮೇಲೆ ಎಷ್ಟು ಹಕ್ಕು ಎಂಬ ಪ್ರಶ್ನೆಯನ್ನು ಶಾಸನವು ಸ್ಪಷ್ಟವಾದ ಮಾತಿನಲ್ಲಿ ಬಿಡಿಸಿದ್ದು ಮುದ್ದಣನ ಕಾಲದ ನಂತರ. ೧೯೨೨ರ ಜನವರಿ ೧ರಿಂದ ಜಾರಿಗೆ ಬಂದ ಮೂಲ ನಿಯಮಾವಳಿಯ ೧೧ನೆಯ ನಿಯಮವು, ಬೇರೆ ಏರ್ಪಾಡಿಲ್ಲದಿದ್ದರೆ, ಸರ್ಕಾರಿ ನೌಕರನ ಸಮಸ್ತ ಕಾಲವೂ ಸಂಬಳ ಕೊಡುವ ಸರ್ಕಾರಕ್ಕೆ ಅಧೀನವೆಂದು ಸಾರಿತು. ಕಚೇರಿಯ ಹೊತ್ತೆಂದು ಹೇಳಲಿಲ್ಲ, ಸಮಸ್ತ ಕಾಲವೆಂದಿತು. ಗೇಣಿ ಕೇಳುವ ಧನಿ ಕೇಳದಿದ್ದುದನ್ನು ಕಾಗದದ ಯಜಮಾನ ಕೇಳಿದನು.

ಅನಂತರದ ನಿಯಮಗಳು ಇದನ್ನು ಸ್ವಲ್ಪ ತಿದ್ದಿದುವು. ಕೇಂದ್ರ ಸರ್ಕಾರಿ ನೌಕರರ ೧೯೬೪ರ ನಡತೆಯ ನಿಯಮಗಳು, ಪೂರ್ವಾನುಮತಿಯಿಲ್ಲದೆ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ನಡೆಸಕೂಡದೆಂದು ವಿಧಿಸಿದರೂ, ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಸಂಬಂಧಿಸಿದ ಸಾಂದರ್ಭಿಕ ಕೆಲಸಕ್ಕೆ, ಕರ್ತವ್ಯಕ್ಕೆ ಚ್ಯುತಿ ಬರದ ಷರತ್ತಿನ ಮೇಲೆ, ಅನುಮತಿ ಬೇಡವೆಂದುವು. ವ್ಯಾಪಾರಿಯ ಮರೆ ಬೇರೆ, ಕವಿಯ ಮರೆ ಬೇರೆ ಎಂಬ ವಿವೇಕ ಇಲ್ಲಿ ಕಾಣುತ್ತದೆ. ಇದೇ ನಿಯಮಗಳಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು: ನೌಕರನು ತನ್ನ ಹೆಂಡತಿಯ ಇಲ್ಲವೆ ಮನೆಯ ಬೇರೆಯವರ ಹೆಸರಿನಲ್ಲಿರುವ ವಿಮಾ ಏಜೆನ್ಸಿಗಾಗಿ ಜನರನ್ನು ಒಲಿಸುತ್ತ ತಿರುಗಿದರೆ ಅದೂ ನಿಯಮದ ಉಲ್ಲಂಘನೆಯೇ. ನಿಷೇಧಿಸುವ ಅಗತ್ಯ ಬಿದ್ದಿತೆಂದರೆ ಆ ರೂಢಿ ವ್ಯಾಪಕವಾಗಿತ್ತೆಂದೇ ಅರ್ಥ. ಮನೆಯ ಹೆಂಗಸಿನ ಹೆಸರು ಮತ್ತೆ ಮತ್ತೆ ಗಂಡಸಿನ ಎರಡನೆಯ ವೃತ್ತಿಗೆ ಮರೆಯಾಯಿತು. ಮಹಾಲಕ್ಷ್ಮಿಯ ಅಂಕಿತದಲ್ಲಿ ಕಾವ್ಯ ಬಂತು. ಮಡದಿಯ ಹೆಸರಿನಲ್ಲಿ ವಿಮೆಯ ಅಂಶ ಬಂತು. ಎರಡರ ಉದ್ದೇಶ ಬೇರೆಯಾದರೂ ಉಪಾಯ ಒಂದೇ.

ಕಾರ್ಖಾನೆಗಳ ೧೯೪೮ರ ಕಾಯಿದೆಯ ೬೦ನೆಯ ಪ್ರಕರಣವು ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ಒಬ್ಬನನ್ನು ದುಡಿಸಕೂಡದೆಂದು ವಿಧಿಸಿತ್ತು. ಇಲ್ಲಿ ರಕ್ಷಿತವಾದದ್ದು ಯಜಮಾನನ ಲಾಭಕ್ಕಿಂತ ಹೆಚ್ಚಾಗಿ ಆಳಿನ ಮೈ. ೨೦೦೯ರ ಕಡ್ಡಾಯ ಶಿಕ್ಷಣದ ಕಾಯಿದೆಯ ೨೮ನೆಯ ಪ್ರಕರಣವು ಶಾಲಾ ಉಪಾಧ್ಯಾಯರ ಖಾಸಗಿ ಪಾಠವನ್ನು ನಿಷೇಧಿಸಿತು. ಇದರ ತತ್ತ್ವ ನಾವು ಕಂಪೆನಿಯ ಪ್ರಕರಣದಲ್ಲಿ ಕಂಡದ್ದೇ: ತರಗತಿಯಲ್ಲಿ ಕೊಡಬೇಕಾದುದನ್ನು ಮನೆಯಲ್ಲಿ ಮಾರುವವನು ತನ್ನ ಸ್ಥಾನವನ್ನೇ ಬಂಡವಾಳ ಮಾಡಿಕೊಂಡಂತಾಗುತ್ತದೆ.

ಈ ಚರ್ಚೆ ೨೦೨೨ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಎದ್ದಿತು. ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ದುಡಿಯತೊಡಗಿದ ಗಣಕಯಂತ್ರದ ಉದ್ಯೋಗಿಗಳಲ್ಲಿ ಕೆಲವರು ಒಂದು ಸಂಸ್ಥೆಯ ಸಂಬಳದಲ್ಲಿರುವಾಗಲೇ ಇನ್ನೊಂದಕ್ಕೆ ಕೆಲಸ ಮಾಡುತ್ತಿರುವರೆಂಬ ಸಂಗತಿ ಬಯಲಾಯಿತು. ವಿಪ್ರೊ ಸಂಸ್ಥೆಯು ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ ೩೦೦ ಮಂದಿಯನ್ನು ತೆಗೆದುಹಾಕಿದುದಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಇನ್ಫೋಸಿಸ್ ಸಂಸ್ಥೆಯು ಮೊದಲು ಎಚ್ಚರಿಕೆ ಕೊಟ್ಟು, ಬಳಿಕ ಅನುಮತಿ ಪಡೆದು ಸಣ್ಣಪುಟ್ಟ ಹೊರಗೆಲಸ ಮಾಡಬಹುದೆಂದಿತು. ಸ್ವಿಗ್ಗಿ ಸಂಸ್ಥೆಯು ಇದಕ್ಕಾಗಿಯೇ ಒಂದು ನಿಯಮಾವಳಿಯನ್ನು ಆಗಸ್ಟಿನಲ್ಲಿ ಹೊರಡಿಸಿತ್ತು. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ನಿಷೇಧ, ಷರತ್ತು, ಒಪ್ಪಿಗೆ ಈ ಮೂರೂ ನೀತಿಗಳು ಕಾಣಿಸಿಕೊಂಡುವು.

೮

ಮೇಲಿನ ವಿಚಾರದಿಂದ ನಾವು ತಲಪಬಹುದಾದ ನಿರ್ಣಯ ಇಷ್ಟು. ಎರಡನೆಯ ಕಸುಬು ಗುಟ್ಟಾಗಿತ್ತೆಂಬ ಒಂದೇ ಸಂಗತಿಯಿಂದ ಅದರ ಯೋಗ್ಯತೆಯನ್ನು ಅಳೆಯಲಾಗದು. ಗುಟ್ಟಿನಿಂದ ಯಾರಿಗೆ ನಷ್ಟವಾಯಿತೆಂದು ಕೇಳಬೇಕು. ಕಂಪೆನಿಯ ನೌಕರನ ಗುಟ್ಟಿನಿಂದ ನಷ್ಟಪಟ್ಟವರು ದೇಶದ ವರ್ತಕರು, ಉಪ್ಪು ಕೊಳ್ಳುವ ಬಡವರು, ಕೊನೆಗೆ ಕಂಪೆನಿಯ ಒಡೆಯರು; ಲಾಭ ಪಡೆದವನು ಗುಟ್ಟಿ‌ನವನು. ಲಕ್ಷ್ಮೀನಾರಣಪ್ಪನವರ ಗುಟ್ಟಿನಿಂದ ಶಾಲೆಗೆ ನಷ್ಟವಾಗಲಿಲ್ಲ, ಮಕ್ಕಳಿಗೆ ನಷ್ಟವಾಗಲಿಲ್ಲ, ಕನ್ನಡಕ್ಕೆ ಲಾಭವೇ ಆಯಿತು. ನಷ್ಟವೆಲ್ಲ ಅವರ ಪಾಲಿಗೆ ಬಂತು. ಮೊದಲನೆಯ ಗುಟ್ಟಿಗೆ ತಕ್ಕ ಉತ್ತರ ಕಾನೂನು ಮತ್ತು ಸಾಕಷ್ಟು ಸಂಬಳ. ಎರಡನೆಯ ಗುಟ್ಟಿಗೆ ಕಾನೂನು ಉತ್ತರವಲ್ಲ. ಉದ್ಯೋಗದಿಂದ ಮನುಷ್ಯನ ಬುದ್ಧಿಯನ್ನು ಅಳೆಯುವ ಅಭ್ಯಾಸವನ್ನು ಸುತ್ತಲಿನವರು ಬಿಡುವುದೇ ಅದಕ್ಕೆ ಉತ್ತರ.

ಕಾಲೇಜುಗಳಲ್ಲಿ ಪಾಠ ಹೇಳುವ ನಮಗೆ ಈ ಮಾತು ದೂರದ್ದಲ್ಲ. ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ಗಂಟೆ ಬಾರಿಸುವವರು, ಪ್ರಯೋಗಶಾಲೆಯ ಗಾಜು ತೊಳೆಯುವವರು, ಆಟದ ಬಯಲಿನಲ್ಲಿ ಸೀಟಿ ಊದುವವರು ಇದ್ದಾರೆ. ಅವರಲ್ಲಿ ಯಾರು ರಾತ್ರಿ ಮೇಳದಲ್ಲಿ ಭಾಗವತಿಕೆ ಮಾಡುವರು, ಯಾರು ತಾಳಮದ್ದಳೆಯಲ್ಲಿ ಅರ್ಥ ಹೇಳುವರು, ಯಾರು ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿರುವರು ಎಂಬುದನ್ನು ವಿಚಾರಿಸುವ ಅಧ್ಯಾಪಕರು ಎಷ್ಟು ಮಂದಿ? ಉಡುಪಿ ಪ್ರಾಂತದ ಸಾಹಿತ್ಯ ಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಗಳು ಅಚ್ಚಾದ ಪುಸ್ತಕಗಳ ಪಟ್ಟಿಯೊಡನೆ ಶಾಲೆಗಳ, ಕಚೇರಿಗಳ, ಬ್ಯಾಂಕುಗಳ, ಮೇಳಗಳ ಹಳೆಯ ಹಾಜರಿ ಪುಸ್ತಕಗಳನ್ನೂ ಹುಡುಕುವುದು ಒಳ್ಳೆಯದು. ಮುದ್ದಣನ ಹೆಸರನ್ನು ಎರಡೂ ಕಡೆ ಹೊಂದಿಸಿ ಓದುವುದಕ್ಕೆ ಕನ್ನಡಿಗರಿಗೆ ಆತನ ಮರಣದವರೆಗೆ ಕಾಲ ಹಿಡಿಯಿತು; ಬೇರೆಯವರ ವಿಷಯದಲ್ಲಿ ಅಷ್ಟು ತಡವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.